ಒಲೆಯೂ ತಂತಿಯೂ: ಕ್ವಿಬೆಕ್ ಪ್ರಾಂತದ ಮನೆಗಳು ಚಳಿಯನ್ನು ಎದುರಿಸಿದ ಬಗೆ

೧

ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ ೧೯೯೮ನೆಯ ಇಸವಿ ಜನವರಿ ೫ರಿಂದ ೧೦ನೆಯ ತಾರೀಖಿನವರೆಗೆ ಒಂದು ಅಪೂರ್ವವಾದ ಮಳೆ ಸುರಿಯಿತು. ನೀರಾಗಿಯೇ ಇಳಿದು ಬಂದ ಆ ಮಳೆ ಮರದ ಕೊಂಬೆಯನ್ನಾಗಲಿ ವಿದ್ಯುತ್ತಿನ ತಂತಿಯನ್ನಾಗಲಿ ಮುಟ್ಟಿದೊಡನೆ ಗಾಜಿನಂತೆ ಹೆಪ್ಪುಗಟ್ಟಿತು. ನೆಲಕ್ಕೆ ಹತ್ತಿದ ಗಾಳಿ ಶೂನ್ಯಕ್ಕಿಂತ ತಣ್ಣಗಿದ್ದು, ಅದರ ಮೇಲೆ ಬೆಚ್ಚನೆಯ ಗಾಳಿಯ ಪದರವೊಂದು ಹಾಸಿಕೊಂಡಿದ್ದರೆ ಇಂತಹ ಹೆಪ್ಪುಮಳೆ ಬೀಳುತ್ತದೆ. ಸೇಂಟ್ ಲಾರೆನ್ಸ್ ನದಿಯ ಕಣಿವೆಗೆ ಇದು ಹೊಸತಲ್ಲ. ಚಳಿಗಾಲದಲ್ಲಿ ಆಗಾಗ ಕೆಲವು ಗಂಟೆಗಳ ಕಾಲ ಬಂದುಹೋಗುವಂಥದೇ. ಆ ವರ್ಷವಾದರೋ ಅದು ಬಿಟ್ಟು ಬಿಟ್ಟು ಆರು ದಿನ ಸುರಿಯಿತು. ಮಾಂಟ್ರಿಯಲ್ ನಗರದ ಸುತ್ತಮುತ್ತ ಬಿದ್ದುದರ ಮೊತ್ತ ಸುಮಾರು ೧೦೦ ಮಿಲಿಮೀಟರು. ಅದರ ಭಾರಕ್ಕೆ ಹೆಚ್ಚು ಕಡಿಮೆ ೧,೦೦೦ ಉಕ್ಕಿನ ಗೋಪುರಗಳೂ ಸುಮಾರು ೩೦,೦೦೦ ಮರದ ಕಂಬಗಳೂ ನೆಲಕಚ್ಚಿದುವು. ೧೪ ಲಕ್ಷ ಗ್ರಾಹಕರಿಗೆ, ಎಂದರೆ ಪ್ರಾಂತದ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ, ವಿದ್ಯುತ್ತು ನಿಂತುಹೋಯಿತು. ಮಾಂಟ್ರಿಯಲಿನ ಆಗ್ನೇಯಕ್ಕೆ ಸೇಂಟ್ ಹಿಯಾಸಿಂತ್, ಗ್ರಾನ್‌ಬಿ, ಸೇಂಟ್ ಜಾನ್ ಎಂಬ ಮೂರು ಊರುಗಳ ನಡುವಣ ಪ್ರದೇಶಕ್ಕೆ ‘ಕತ್ತಲೆಯ ತ್ರಿಕೋನ’ವೆಂದೇ ಹೆಸರಾಯಿತು, ಅಲ್ಲಿಯ ಕೆಲವು ಮನೆಗಳಿಗೆ ದೀಪ ಮರಳಿ ಬರಲು ಒಂದು ತಿಂಗಳೇ ಹಿಡಿಯಿತು.

ಉತ್ತರದ ಆಣೆಕಟ್ಟುಗಳಲ್ಲಿ ಆಗ ನೀರಿಗೆ ಕೊರತೆಯಿರಲಿಲ್ಲ. ಕಾಡುಗಳಲ್ಲಿ ಸೌದೆಗಂತೂ ಎಂದೂ ಕೊರತೆಯಿಲ್ಲ. ಆದರೂ ಲಕ್ಷಗಟ್ಟಲೆ ಮನೆಗಳು ಒಂದೆರಡು ದಿನಗಳಲ್ಲಿಯೇ ಮನುಷ್ಯರು ಇರಲಾರದಷ್ಟು ತಣ್ಣಗಾದುವು. ಮುನ್ನೂರು ವರ್ಷಗಳಿಗೂ ಮಿಗಿಲಾಗಿ ಕಟ್ಟಿಗೆಯಿಂದಲೇ ಚಳಿಯನ್ನು ಎದುರಿಸಿಕೊಂಡು ಬಂದ ನಾಡಿನಲ್ಲಿ ಇದು ಹೇಗಾಯಿತು? ಒಲೆಯಿದ್ದ ಮನೆಗಳಲ್ಲಿಯೂ ಕೆಲವು ಬೆಚ್ಚಗುಳಿದು ಕೆಲವು ತಣ್ಣಗಾಗಲು ಕಾರಣವೇನು? ಈ ಎರಡು ಪ್ರಶ್ನೆಗಳನ್ನು ಹಿಡಿದು ಆ ನಾಡಿನ ಒಲೆಯ ಚರಿತ್ರೆಯನ್ನು ಪರಾಮರ್ಶಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಮನೆಯನ್ನು ಬೆಚ್ಚಗಿಡುವುದು ಕೇವಲ ಉರುವಲಲ್ಲ, ಉರುವಲಿನ ಬಿಸಿಯನ್ನು ಮನೆಯೊಳಗೆ ಹಿಡಿದು ಹಂಚುವ ಏರ್ಪಾಡು ಎಂಬುದು ಈ ಚರಿತ್ರೆಯಿಂದ ಸ್ಪಷ್ಟವಾಗುತ್ತದೆ.

೨

ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನಿಂದ ವಲಸೆ ಬಂದವರು ತಮ್ಮೊಡನೆ ತಂದುದು ಗೋಡೆಯ ತೆರೆದ ಅಗ್ಗಿಷ್ಟಿಕೆಯನ್ನು. ಕಣ್ಣಿಗೆ ಹಬ್ಬವಾದ ಈ ಬೆಂಕಿ ಮೈಗೆ ಕೊಡುತ್ತಿದ್ದುದು ಸ್ವಲ್ಪವೇ. ಉರಿಯ ಬಿಸಿಯಲ್ಲಿ ಹತ್ತರಲ್ಲಿ ಒಂದು ಪಾಲು ಕೋಣೆಗೆ ದಕ್ಕಿದರೆ ಹೆಚ್ಚು. ಉಳಿದುದೆಲ್ಲ ಹೊಗೆಗೂಡಿನಿಂದ ಆಕಾಶದ ಪಾಲು. ಅಷ್ಟೇ ಅಲ್ಲದೆ ಮೇಲೇರುವ ಹೊಗೆಯ ಜಾಗವನ್ನು ತುಂಬಲು ಬಾಗಿಲು ಕಿಟಕಿಗಳ ಸಂದುಗಳಿಂದ ಹೊರಗಿನ ತಣ್ಣನೆಯ ಗಾಳಿ ಒಳಗೆ ನುಗ್ಗುತ್ತಿತ್ತು. ಬೆಂಕಿಯ ಕಡೆಗೆ ತಿರುಗಿದ ಮುಖ ಸುಡುತ್ತಿರಲು ಬೆನ್ನು ಮರಗಟ್ಟುತ್ತಿತ್ತು. ಫ್ರಾನ್ಸಿನ ಚಳಿಗೆ ಸಾಕಾಗಿದ್ದ ಈ ಏರ್ಪಾಡು, ಪಾದರಸ ಶೂನ್ಯದಿಂದ ಇಪ್ಪತ್ತು ಮೂವತ್ತು ಡಿಗ್ರಿ ಕೆಳಗಿಳಿಯುವ ನಾಡಿಗೆ ಸಾಲದಾಯಿತು.

ಪರಿಹಾರ ದೊರೆತುದು ಕಬ್ಬಿಣದಲ್ಲಿ. ತ್ರೋವಾ ರಿವಿಯೇರ್ ಪಟ್ಟಣದ ಹತ್ತಿರ ಸೇಂಟ್ ಮಾರಿಸ್ ಎಂಬ ಸ್ಥಳದಲ್ಲಿ ಕಬ್ಬಿಣದ ಅದಿರನ್ನು ತೆಗೆಯಲು ೧೭೩೦ರಲ್ಲಿ ರಾಜಾಜ್ಞೆ ದೊರೆಯಿತು. ಆ ದಶಕ ಮುಗಿಯುವುದರೊಳಗೆ ಅಲ್ಲಿ ಊದುಕುಲುಮೆ ಉರಿಯತೊಡಗಿತು. ೧೮೮೩ರಲ್ಲಿ ಮುಚ್ಚುವವರೆಗೂ ಸುಮಾರು ಒಂದೂವರೆ ಶತಮಾನ ನಡೆದ ಈ ಕಾರ್ಖಾನೆ ಕಡಾಯಿಗಳನ್ನೂ ಸಲಾಕೆಗಳನ್ನೂ ಮಾಡಿದಂತೆಯೇ ಎರಕದ ಕಬ್ಬಿಣದ ಒಲೆಗಳನ್ನೂ ಮಾಡಿತು. ಸಸ್ಯಶಾಸ್ತ್ರಜ್ಞ ಲಿನೇಯಸನ ಶಿಷ್ಯನಾದ ಪೆರ್ ಕಾಮ್ ಎಂಬ ವಿದ್ವಾಂಸನು ೧೭೪೯ರಲ್ಲಿ ಈ ಪ್ರಾಂತದಲ್ಲಿ ಸಂಚರಿಸಿ, ಇಲ್ಲಿಯ ಮನೆಗಳಲ್ಲಿದ್ದ ಕಬ್ಬಿಣದ ಒಲೆಗಳ ವಿಷಯವನ್ನು ತನ್ನ ಪ್ರವಾಸ ಕಥನದಲ್ಲಿ ಬರೆದಿದ್ದಾನೆ.

ನಾಲ್ಕು ಕಾಲುಗಳ ಮೇಲೆ ನಿಂತ ಈ ಪೆಟ್ಟಿಗೆಯೊಲೆಯ ಗುಣ ಎರಡು ಬಗೆಯದು. ಮೊದಲನೆಯದಾಗಿ, ಬೆಂಕಿಯು ಗೋಡೆಯನ್ನು ಬಿಟ್ಟು ಕೋಣೆಯ ನಡುವಿಗೆ ಬಂದಿತು. ಕಬ್ಬಿಣದ ಐದಾರು ಮುಖಗಳೂ ಬಿಸಿಯನ್ನು ಸುತ್ತಲೂ ಚೆಲ್ಲಿದುವು. ಎರಡನೆಯದಾಗಿ, ಬಾಗಿಲನ್ನು ಮುಚ್ಚಿ ಗಾಳಿಯನ್ನು ಅಳೆದು ಬಿಡುವುದು ಸಾಧ್ಯವಾದುದರಿಂದ ಉರಿಯ ವೇಗ ಮನೆಯವರ ಕೈಗೆ ಬಂದಿತು. ಮುಂದೆ ಕ್ವಿಬೆಕ್ಕಿನವರು ಒಂದರ ಮೇಲೊಂದು ಪೆಟ್ಟಿಗೆಯನ್ನಿರಿಸಿದ ಎರಡಂತಸ್ತಿನ ಒಲೆಗಳನ್ನೂ ಮಾಡಿಕೊಂಡರು. ಕೆಳಗಿನದರಲ್ಲಿ ಸೌದೆ ಉರಿಯುವುದು. ಹೊಗೆ ಹೊರಹೋಗುವ ಮುನ್ನ ಮೇಲಿನ ಅಂತಸ್ತನ್ನು ಸುತ್ತಿ, ಅಲ್ಲಿ ಬೇಯುವ ರೊಟ್ಟಿಗೂ ಕೋಣೆಗೂ ತನ್ನ ಬಿಸಿಯನ್ನು ಒಪ್ಪಿಸಿ ಹೋಗುವುದು. ಹೊಗೆಯ ಕೊಳವೆಯನ್ನು ನೇರವಾಗಿ ಗೋಡೆಗೆ ಸೇರಿಸದೆ ಛಾವಣಿಯ ಕೆಳಗೆ ಉದ್ದಕ್ಕೆ ಹಾಯಿಸಿ ಮುಂದಿನ ಕೋಣೆಯನ್ನೂ ಬೆಚ್ಚಗೆ ಮಾಡಿಕೊಳ್ಳುವ ವಾಡಿಕೆಯೂ ಇತ್ತು.

ಇದೇ ಕಾಲದಲ್ಲಿ ಬೇರೆ ದೇಶಗಳಲ್ಲಿಯೂ ಇದೇ ಚಿಂತನೆ ನಡೆದಿತ್ತೆಂಬುದು ಗಮನಾರ್ಹ. ಬೆಂಜಮಿನ್ ಫ್ರಾಂಕ್ಲಿನ್ ಮಹಾಶಯನು ತಾನು ಕಂಡುಹಿಡಿದ ಕಬ್ಬಿಣದ ಅಗ್ಗಿಷ್ಟಿಕೆಯನ್ನು ಕುರಿತ ಪುಸ್ತಿಕೆಯನ್ನು ೧೭೪೪ರಲ್ಲಿ ಪ್ರಕಟಿಸಿದನು. ಸ್ವೀಡನ್ ದೇಶದಲ್ಲಿ ಸೌದೆಯ ಅಭಾವ ತಲೆದೋರಿದಾಗ ಕ್ರೋನ್‌ಸ್ಟೆಟ್ ಮತ್ತು ವ್ರೇಡೆ ಎಂಬ ಇಬ್ಬರು ರಾಜ್ಯದ ಆಡಳಿತ ಮಂಡಲಿಯ ಅಪೇಕ್ಷೆಯಂತೆ ೧೭೬೭ರಲ್ಲಿ ಹೊಸ ಬಗೆಯ ಹೆಂಚಿನ ಒಲೆಯನ್ನು ರೂಪಿಸಿದರು. ಅದರೊಳಗೆ ಹೊಗೆ ಹಲವು ಸಲ ಮೇಲೆ ಕೆಳಗೆ ಸುತ್ತಿ ಇಟ್ಟಿಗೆಯ ಮೈಗೆ ಬಿಸಿಯನ್ನು ಕೊಟ್ಟು ಹೋಗುತ್ತದೆ. ದಿನಕ್ಕೆ ಒಂದೆರಡು ಸಲ ಚೆನ್ನಾಗಿ ಉರಿ ಹಾಕಿದರೆ ಸಾಕು. ಬೆಂಕಿ ಆರಿ ಗಂಟೆಗಳಾದ ಮೇಲೆಯೂ ಇಟ್ಟಿಗೆ ತಾನುಂಡ ಬಿಸಿಯನ್ನು ನಿಧಾನವಾಗಿ ಉಗುಳುತ್ತಿರುತ್ತದೆ.

ಈ ಒಲೆಗಳಿಗೆಲ್ಲ ಸಾಮಾನ್ಯವಾದ ಒಂದು ಲಕ್ಷಣವುಂಟು. ಗಾಳಿಯನ್ನು ಎಳೆಯುವುದು ಹೊಗೆಗೂಡಿನ ಎತ್ತರವೂ ಒಳಹೊರಗಿನ ಉಷ್ಣದ ಅಂತರವೂ. ಬಿಸಿಯನ್ನು ಕೂಡಿಡುವುದು ಕಬ್ಬಿಣ ಅಥವಾ ಇಟ್ಟಿಗೆಯ ತೂಕ. ಅದನ್ನು ಹಂಚುವುದು ತಾನೇ ಮೇಲೇಳುವ ಬಿಸಿಗಾಳಿ. ಹೊರಗೆ ಚಳಿ ಹೆಚ್ಚಿದಷ್ಟೂ ಹೊಗೆಗೂಡಿನ ಎಳೆತ ಬಲಗೊಳ್ಳುತ್ತದೆ; ಬೆಂಕಿ ಹೆಚ್ಚು ಬೇಕಾದ ದಿನವೇ ಹೆಚ್ಚು ಚೆನ್ನಾಗಿ ಉರಿಯುತ್ತದೆ. ಹೊರಗಿನ ಯಾವ ಶಕ್ತಿಯ ಹಂಗೂ ಅದಕ್ಕಿಲ್ಲ. ಆ ಕಾಲದವರಿಗೆ ಇದು ಒಂದು ಗುಣವೆಂದೇ ತೋರಿರಲಾರದು. ಬೇರೆ ಬಗೆಯ ಒಲೆಯನ್ನು ಅವರು ಕಂಡಿರಲಿಲ್ಲ.

೩

ಇಪ್ಪತ್ತನೆಯ ಶತಮಾನದಲ್ಲಿ ಪಟ್ಟಣಗಳ ಮನೆಗಳಿಗೆ ಕಲ್ಲಿದ್ದಲೂ ಅನಂತರ ಎಣ್ಣೆಯೂ ಬಂದುವು. ಒಲೆಯು ಕೋಣೆಯನ್ನು ಬಿಟ್ಟು ನೆಲಮಾಳಿಗೆಗೆ ಇಳಿದು ದೊಡ್ಡ ಕುಲುಮೆಯಾಯಿತು. ಆರಂಭದ ಕುಲುಮೆಗಳಲ್ಲಿ ಬಿಸಿಗಾಳಿ ಅಗಲವಾದ ಕೊಳವೆಗಳ ಮೂಲಕ ತಾನಾಗಿ ಮೇಲೇರುತ್ತಿತ್ತು. ಅದಕ್ಕೆ ವಿದ್ಯುತ್ತಿನ ಬೀಸಣಿಗೆಯನ್ನು ಜೋಡಿಸಿದ ಮೇಲೆ ಕೊಳವೆಗಳನ್ನು ಸಣ್ಣದಾಗಿ ಮಾಡಿ ದೂರದ ಕೋಣೆಗಳಿಗೂ ಸಮನಾಗಿ ಬಿಸಿಯನ್ನು ಒಯ್ಯಬಹುದಾಯಿತು. ಬಿಸಿನೀರಿನಿಂದ ಕಾಯುವ ಮನೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಮೊದಲು ಬಿಸಿನೀರು ಹಗುರಾಗಿ ತಾನೇ ಏರಿ, ತಣಿದು, ತಾನೇ ಇಳಿಯುತ್ತಿತ್ತು. ಆಮೇಲೆ ಆ ಕೆಲಸ ಪಂಪಿಗೆ ಬಂದಿತು. ಉರುವಲು ಯಾವುದಾದರೂ ಆಗಿರಲಿ, ಬಿಸಿಯನ್ನು ಸಾಗಿಸುವ ಕೈ ವಿದ್ಯುತ್ತಿನದಾಯಿತು.

ಇನ್ನೊಂದು ಕಡೆ ಪ್ರಾಂತದ ರಾಜಕೀಯವೂ ಅದೇ ದಿಕ್ಕಿಗೆ ನಡೆಯಿತು. ಹೈಡ್ರೊ-ಕ್ವಿಬೆಕ್ ಎಂಬ ಸರಕಾರಿ ಸಂಸ್ಥೆ ೧೯೪೪ರಲ್ಲಿ ಸ್ಥಾಪಿತವಾಯಿತು. ೧೯೬೨ರ ಚುನಾವಣೆಯಲ್ಲಿ ಪ್ರಧಾನಿ ಜಾನ್ ಲಸಾಜ್ ಮತ್ತು ಮಂತ್ರಿ ರನೇ ಲೆವೆಕ್ ಅವರು ಖಾಸಗಿ ವಿದ್ಯುತ್ ಕಂಪನಿಗಳನ್ನು ಸ್ವಾಧೀನಪಡಿಸಿಕೊಳ್ಳುವ ಪ್ರಶ್ನೆಯನ್ನೇ ಜನತೆಯ ಮುಂದಿಟ್ಟು ಗೆದ್ದರು. ೧೯೬೩ರಲ್ಲಿ ಅದು ನೆರವೇರಿತು. ಫ್ರೆಂಚ್ ನುಡಿಯ ಆ ಜನಕ್ಕೆ ಜಲವಿದ್ಯುತ್ತು ಬರಿಯ ಅನುಕೂಲವಾಗಿರಲಿಲ್ಲ. ತಮ್ಮ ಮನೆಗೆ ತಾವೇ ಒಡೆಯರೆಂಬ ಅಭಿಮಾನದ ಗುರುತಾಗಿತ್ತು. ೧೯೬೫ರಲ್ಲಿ ಜಗತ್ತಿನ ಮೊತ್ತಮೊದಲ ೭೩೫ ಕಿಲೊವೋಲ್ಟಿನ ಮಾರ್ಗ ಅಲ್ಲಿ ಚಾಲನೆಗೆ ಬಂದಿತು. ೧೯೭೧ರಲ್ಲಿ ಜೇಮ್ಸ್ ಕೊಲ್ಲಿಯ ಬೃಹದ್ಯೋಜನೆ ಘೋಷಿತವಾಯಿತು. ಅದರ ಜಲಾಶಯಗಳು ಕ್ರೀ ಜನಾಂಗದವರ ಬೇಟೆಯ ನೆಲಗಳನ್ನು ಮುಳುಗಿಸುವುವಾದುದರಿಂದ ವ್ಯಾಜ್ಯ ನಡೆದು, ೧೯೭೫ರಲ್ಲಿ ಕ್ರೀ ಹಾಗೂ ಇನುಯಿಟ್ ಜನಾಂಗಗಳೊಡನೆ ಒಪ್ಪಂದವಾಯಿತು. ದಕ್ಷಿಣದ ಮನೆಗಳ ಬಿಸುಪಿಗೆ ಉತ್ತರದವರು ತೆತ್ತ ಬೆಲೆಯನ್ನು ಈ ಚರಿತ್ರೆಯಲ್ಲಿ ಮರೆಯಲಾಗದು. ಲಾ ಗ್ರಾಂದ್ ನದಿಯ ಮೇಲಿನ ಮೊದಲ ವಿದ್ಯುದಾಗಾರ ೧೯೭೯ರಲ್ಲಿ ಉದ್ಘಾಟನೆಯಾಯಿತು.

ಅಷ್ಟರಲ್ಲಿ ೧೯೭೩ರ ತೈಲ ಸಂಕಟ ಒದಗಿ ಎಣ್ಣೆಯ ಬೆಲೆ ಏರಿತ್ತು. ಪ್ರಾಂತದ ಮನೆಗಳು ತಂಡೋಪತಂಡವಾಗಿ ಎಣ್ಣೆಯನ್ನು ಬಿಟ್ಟು ವಿದ್ಯುತ್ತಿಗೆ ತಿರುಗಿದುವು. ಗೋಡೆಯ ಬುಡದಲ್ಲಿ ಉದ್ದಕ್ಕೆ ಕೂರಿಸಿದ ವಿದ್ಯುತ್ ಶಾಖಕಗಳಿಗೆ ಹೊಗೆಯಿಲ್ಲ, ಬೂದಿಯಿಲ್ಲ, ಸೌದೆ ಸೀಳುವ ಶ್ರಮವಿಲ್ಲ. ಹೊಸದಾಗಿ ಕಟ್ಟಿದ ಅನೇಕ ಮನೆಗಳಲ್ಲಿ ಹೊಗೆಗೂಡನ್ನೇ ಕಟ್ಟಲಿಲ್ಲ. ೧೯೯೮ರ ಹೊತ್ತಿಗೆ ಪ್ರಾಂತದ ಬಹುಪಾಲು ಮನೆಗಳು ವಿದ್ಯುತ್ತಿನಿಂದಲೇ ಬೆಚ್ಚಗಿದ್ದುವು. ಸಾವಿರ ಕಿಲೊಮೀಟರು ದೂರದ ನದಿಯೊಂದು ಗೋಪುರಗಳ ಸಾಲಿನ ಮೂಲಕ ನಗರದ ಮಲಗುವ ಕೋಣೆಯನ್ನು ಕಾಯಿಸುತ್ತಿತ್ತು.

ಕಟ್ಟಿಗೆಯ ಒಲೆಯೂ ಈ ನಡುವೆ ಬದಲಾಯಿತು. ಎಣ್ಣೆಯ ಸಂಕಟದ ಫಲವಾಗಿ ಗಾಳಿಬಿಗಿಯಾದ ಉಕ್ಕಿನ ಒಲೆಗಳು ಬಂದುವು. ಅಮೆರಿಕದ ಸಂಯುಕ್ತ ಸಂಸ್ಥಾನಗಳು ೧೯೮೮ರಲ್ಲಿ ಒಲೆಗಳ ಹೊಗೆಗೆ ಮಿತಿಯನ್ನು ವಿಧಿಸಿದ ಮೇಲೆ ಹೊಗೆಯನ್ನೇ ಮತ್ತೊಮ್ಮೆ ಉರಿಸಿಬಿಡುವ ಒಲೆಗಳು ರೂಢಿಗೆ ಬಂದುವು. ಎಂಬತ್ತರ ದಶಕದಲ್ಲಿ ಗುಳಿಗೆಯೊಲೆ ಎಂಬ ಇನ್ನೊಂದು ಬಗೆ ಹಬ್ಬಿತು. ಮರದ ಹೊಟ್ಟನ್ನು ಒತ್ತಿ ಮಾಡಿದ ಸಣ್ಣ ಗುಳಿಗೆಗಳನ್ನು ತಿರುಪೊಂದು ಸ್ವಲ್ಪಸ್ವಲ್ಪವಾಗಿ ಬೆಂಕಿಗೆ ನೂಕುತ್ತದೆ. ಬೀಸಣಿಗೆ ಗಾಳಿಯನ್ನು ಊದುತ್ತದೆ. ನಿಯಂತ್ರಕವು ಎರಡನ್ನೂ ಅಂಕೆಯಲ್ಲಿಡುತ್ತದೆ. ಶುಚಿಯಲ್ಲಿ ಹಳೆಯ ಒಲೆಗಿಂತ ಎಷ್ಟೋ ಮೇಲು. ಆದರೆ ವಿದ್ಯುತ್ತು ನಿಂತೊಡನೆ ತಿರುಪು ನಿಲ್ಲುತ್ತದೆ, ಬೀಸಣಿಗೆ ನಿಲ್ಲುತ್ತದೆ, ಬೆಂಕಿ ನಂದುತ್ತದೆ. ಮೂಟೆಗಟ್ಟಲೆ ಉರುವಲು ಪಕ್ಕದಲ್ಲಿಯೇ ಇರುವಾಗಲೂ ಮನೆ ತಣ್ಣಗಾಗುತ್ತದೆ. ಮೇಲೆ ಎತ್ತಿದ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿದೆ: ಕಟ್ಟಿಗೆಯನ್ನು ಉರಿಸುವ ಮನೆಯೆಲ್ಲ ತಂತಿಯಿಂದ ಸ್ವತಂತ್ರವಾದ ಮನೆಯಲ್ಲ.

೪

ಜನವರಿ ೫ರಂದು ಮೊದಲ ತಂತಿಗಳು ಹರಿದಾಗ ಜನ ಇದನ್ನು ಒಂದು ರಾತ್ರಿಯ ತೊಂದರೆಯೆಂದು ಭಾವಿಸಿದರು. ಶುಕ್ರವಾರ ೯ನೆಯ ತಾರೀಖಿನ ವೇಳೆಗೆ ಮಾಂಟ್ರಿಯಲಿಗೆ ವಿದ್ಯುತ್ತನ್ನು ತರುವ ಮಾರ್ಗಗಳಲ್ಲಿ ಒಂದೇ ಒಂದು ಉಳಿದಿತ್ತು. ನಗರದ ನೀರು ಶುದ್ಧಿಯ ಸ್ಥಾವರಗಳೂ ನಿಂತು ಕುಡಿಯುವ ನೀರಿಗೇ ಗಂಡಾಂತರ ಬಂದಿತ್ತು. ಮಳೆ ನಿಂತ ಬಳಿಕ ಕಡುಚಳಿ ಇಳಿಯಿತು. ಶಾಲೆಗಳೂ ಸಭಾಭವನಗಳೂ ಆಶ್ರಯಸ್ಥಾನಗಳಾದುವು. ಕೆನಡಾದ ಸೈನ್ಯದ ಸುಮಾರು ೧೬,೦೦೦ ಮಂದಿ ಪರಿಹಾರ ಕಾರ್ಯಕ್ಕೆ ಇಳಿದರು. ಅವರಲ್ಲಿ ಅನೇಕರು ಮನೆ ಮನೆಯ ಬಾಗಿಲು ತಟ್ಟಿ ಒಳಗಿನವರ ಕ್ಷೇಮವನ್ನು ವಿಚಾರಿಸಿದರು.

ಈ ದಿನಗಳಲ್ಲಿ ನೆಲೆನಿಂತವು ಹಳ್ಳಿಯ ಕಡೆಯ ಸರಳವಾದ ಒಲೆಗಳು. ಅಂತಹ ಒಲೆಯಿದ್ದ ಮನೆಗೆ ನೆರೆಯವರೂ ನೆಂಟರೂ ಬಂದು ಸೇರಿದರು. ಅಲ್ಲಿ ಅನುಸರಿಸುವ ವಿಧಾನವನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಯುಕ್ತ. ಏಕೆಂದರೆ ಇವು ಪುಸ್ತಕದ ವಿದ್ಯೆಯಲ್ಲ, ತಲೆಮಾರುಗಳಿಂದ ಕೈಯಿಂದ ಕೈಗೆ ಬಂದ ತಿಳಿವಳಿಕೆ.

ಮೊದಲ ಕೆಲಸ ಮನೆಯನ್ನು ಕುಗ್ಗಿಸುವುದು. ಒಲೆಯಿರುವ ಕೋಣೆಯೊಂದನ್ನು ಉಳಿಸಿಕೊಂಡು ಉಳಿದ ಕೋಣೆಗಳ ಬಾಗಿಲುಗಳನ್ನು ಮುಚ್ಚುತ್ತಾರೆ. ಬಾಗಿಲಿಲ್ಲದ ಕಡೆ ಕಂಬಳಿಯನ್ನು ತೂಗುಹಾಕುತ್ತಾರೆ. ಹೊಸ್ತಿಲ ಸಂದಿಗೆ ಬಟ್ಟೆಯ ಸುರುಳಿಯನ್ನು ಒತ್ತುತ್ತಾರೆ. ಬಿಸಿಲಿರುವ ಹೊತ್ತು ದಕ್ಷಿಣದ ಕಿಟಕಿಯ ಪರದೆಯನ್ನು ಸರಿಸಿ, ಇಳಿಹೊತ್ತಿಗೆ ಮುಚ್ಚುತ್ತಾರೆ. ಹಾಸಿಗೆಗಳು ಒಲೆಯ ಕೋಣೆಗೆ ಬರುತ್ತವೆ. ಈ ಅರ್ಥದಲ್ಲಿ ಅವರು ತಮ್ಮ ಪೂರ್ವಿಕರ ಒಂದೇ ಕೋಣೆಯ ಬದುಕಿಗೆ ಕೆಲವು ದಿನಗಳ ಮಟ್ಟಿಗೆ ಹಿಂದಿರುಗುತ್ತಾರೆನ್ನಬಹುದು.

ಎರಡನೆಯದು ನೀರಿನ ಕೊಳವೆಗಳ ರಕ್ಷಣೆ. ನೀರು ಹೆಪ್ಪುಗಟ್ಟಿದಾಗ ಹಿಗ್ಗುವುದರಿಂದ ಕೊಳವೆ ಒಡೆಯುತ್ತದೆ. ಚಳಿಯ ಹಾನಿ ಕಾಣುವುದು ಬಿಸಿಲು ಬಂದು ಮಂಜು ಕರಗಿದ ಮೇಲೆ. ಆದುದರಿಂದ ತಣ್ಣಗಾಗಲಿರುವ ಭಾಗದ ಕೊಳವೆಗಳನ್ನು ಮುಖ್ಯ ನಲ್ಲಿಯಲ್ಲಿ ಕಟ್ಟಿ ಪೂರ್ತಿಯಾಗಿ ಬರಿದು ಮಾಡುತ್ತಾರೆ.

ಮೂರನೆಯದು ಸೌದೆಯ ಹದ. ಹಸಿಯ ಮರದ ತೂಕದಲ್ಲಿ ಅರ್ಧಕ್ಕೆ ಸಮೀಪದಷ್ಟು ನೀರೇ ಇರುವುದುಂಟು. ಅದನ್ನು ಆವಿಯಾಗಿಸುವುದರಲ್ಲಿಯೇ ಉರಿಯ ಬಲ ಕಳೆದುಹೋಗುತ್ತದೆ. ಮೇಪಲ್, ಬರ್ಚ್ ಮುಂತಾದ ಗಟ್ಟಿಮರಗಳನ್ನು ಸೀಳಿ, ಮೇಲೆ ಮಾತ್ರ ಮುಚ್ಚಿ, ಪಕ್ಕಗಳಿಂದ ಗಾಳಿಯಾಡುವಂತೆ ಒಟ್ಟಿ, ಒಂದು ವರ್ಷವಾದರೂ ಒಣಗಿಸಬೇಕು. ನೀರಿನಂಶ ನೂರಕ್ಕೆ ಇಪ್ಪತ್ತಕ್ಕೆ ಇಳಿದಾಗ ಸೌದೆ ಹದಕ್ಕೆ ಬಂದಂತೆ. ಹೀಗಾಗಿ ಜನವರಿಯ ಬಿಸುಪು ಹಿಂದಿನ ವರ್ಷದ ವಸಂತದಲ್ಲಿಯೇ ನಿರ್ಧಾರವಾಗಿರುತ್ತದೆ. ಆಪತ್ತು ಬಂದ ದಿನ ಕಡಿದ ಮರ ಆ ಆಪತ್ತಿಗೆ ಆಗುವುದಿಲ್ಲ.

ನಾಲ್ಕನೆಯದು ರಾತ್ರಿಯ ಬೆಂಕಿ. ಮಲಗುವ ಮುನ್ನ ಗಾಳಿಯನ್ನು ಪೂರ್ತಿ ಕಟ್ಟಿಬಿಟ್ಟರೆ ಸೌದೆ ಉಳಿಯುವುದೇನೋ ನಿಜ. ಆದರೆ ಉಸಿರು ಕಟ್ಟಿದ ಉರಿ ಹೊಗೆಯಾಗಿ, ಆ ಹೊಗೆ ಕೊಳವೆಯ ತಣ್ಣನೆಯ ಮೈಯಲ್ಲಿ ಟಾರಿನಂತಹ ಇಲ್ಲಣವಾಗಿ ಕೂರುತ್ತದೆ. ಮುಂದೊಂದು ದಿನ ಉರಿ ಜೋರಾದಾಗ ಆ ಇಲ್ಲಣವೇ ಹೊತ್ತಿಕೊಂಡು ಮನೆಯನ್ನು ಸುಡಬಹುದು. ತಿಳಿದವರು ದಪ್ಪ ತುಂಡುಗಳನ್ನು ಹಾಕಿ ಚೆನ್ನಾಗಿ ಹೊತ್ತಿದ ಮೇಲೆ ಮಾತ್ರ ಗಾಳಿಯನ್ನು ಸ್ವಲ್ಪ ತಗ್ಗಿಸುತ್ತಾರೆ. ಬೆಳಗಿಗೆ ಬೂದಿಯಡಿಯಲ್ಲಿ ಉಳಿದ ಕೆಂಡವನ್ನು ಕೆದಕಿ ಸಣ್ಣ ಚಕ್ಕೆಗಳಿಂದ ಮತ್ತೆ ಎಬ್ಬಿಸುತ್ತಾರೆ. ಬೂದಿಯನ್ನು ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಹೊರಗಿಡುತ್ತಾರೆ, ಏಕೆಂದರೆ ಅದರೊಳಗಣ ಕೆಂಡ ದಿನಗಟ್ಟಲೆ ಜೀವ ಹಿಡಿದಿರುವುದುಂಟು.

ಪಂಪಿನ ನೆರವಿನಿಂದ ಬಿಸಿನೀರು ಹರಿಯುವ ಕಟ್ಟಿಗೆಯ ಕುಲುಮೆಗಳ ವಿಷಯದಲ್ಲಿ ಅಪಾಯ ಇನ್ನೊಂದು ಬಗೆಯದು. ಎಣ್ಣೆಯ ಉರಿಯನ್ನು ತಿರುಗಣೆಯಿಂದ ಆರಿಸಬಹುದು. ಹೊತ್ತಿದ ಸೌದೆಯನ್ನು ಆರಿಸಲಾಗದು. ಪಂಪು ನಿಂತರೂ ಉರಿ ನಿಲ್ಲದಿರಲು ನೀರು ಕುದಿದು ಆವಿಯ ಒತ್ತಡ ಏರುತ್ತದೆ. ಆದುದರಿಂದ ಅಂತಹ ಕುಲುಮೆಗೆ ಒತ್ತಡವನ್ನು ಬಿಡುವ ಕವಾಟವೂ, ಪಂಪಿಲ್ಲದೆಯೇ ಬಿಸಿನೀರು ಏರಿ ಇಳಿಯುವಂತೆ ಎತ್ತರದಲ್ಲಿ ಜೋಡಿಸಿದ ಒಂದು ಸುತ್ತು ಕೊಳವೆಯೂ ಇರಬೇಕೆಂಬುದು ಬಲ್ಲವರ ಮತ. ಹಳೆಯ ಕಾಲದ ತಾನೇ ಹರಿಯುವ ನೀರು ಹೊಸ ಯಂತ್ರಕ್ಕೆ ಕಾವಲುಗಾರನಾಗಿ ಮರಳಿ ಬಂದುದು ಹೀಗೆ.

ಒಲೆಯಿಲ್ಲದ ಮನೆಗಳವರು ಕೈಗೆ ಸಿಕ್ಕಿದುದನ್ನು ಉರಿಸಿದರು. ಹೊರಾಂಗಣದಲ್ಲಿ ಬಳಸಬೇಕಾದ ಇದ್ದಿಲಿನ ಒಲೆಗಳನ್ನು ಒಳಗೆ ತಂದುದೂ, ವಿದ್ಯುಜ್ಜನಕಗಳನ್ನು ಮನೆಗೆ ಹೊಂದಿದ ಕೊಟ್ಟಿಗೆಯಲ್ಲಿ ನಡೆಸಿದುದೂ ಉಂಟು. ಇವುಗಳಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿನಲ್ಲಿ ಸೇರಿದರೆ ರಕ್ತವು ಆಮ್ಲಜನಕವನ್ನು ಹೊರಲಾರದಂತಾಗಿ, ಮಲಗಿದವರು ಮಲಗಿದಂತೆಯೇ ಸಾಯುತ್ತಾರೆ. ಆ ಹೆಪ್ಪುಮಳೆಯ ಕಾಲದಲ್ಲಿ ಕೆನಡಾದಲ್ಲಿ ಕನಿಷ್ಠ ೨೫ ಮಂದಿ ಮೃತರಾದರು. ಅವರಲ್ಲಿ ಚಳಿಯಿಂದ ಮೈ ಆರಿಹೋದವರು ಅನೇಕರು. ಚಳಿಯನ್ನು ಕಳೆಯಲು ಹೋಗಿ ಈ ವಿಷವಾಯುವಿಗೆ ಬಲಿಯಾದವರೂ ಇದ್ದರು. ಹೊಗೆಗೂಡಿಲ್ಲದ ಬೆಂಕಿ ಮನೆಯ ಬೆಂಕಿಯಲ್ಲವೆಂಬ ಹಳೆಯ ತಿಳಿವಳಿಕೆಯನ್ನು ಕಳೆದುಕೊಂಡುದರ ಬೆಲೆ ಇದು.

೫

ಈ ಅನುಭವದ ಬಳಿಕ ನಗರದಲ್ಲಿಯೂ ಒಲೆಗೆ ಬೇಡಿಕೆ ಹೆಚ್ಚಿತು. ಮತ್ತೊಮ್ಮೆ ತಂತಿ ಹರಿದರೆ ಕೈಯಲ್ಲಿ ಬೆಂಕಿಯಾದರೂ ಇರಲೆಂದು ಮಾಂಟ್ರಿಯಲಿನ ಎಷ್ಟೋ ಮನೆಗಳವರು ಕಟ್ಟಿಗೆಯ ಒಲೆಗಳನ್ನು ಹೂಡಿಸಿಕೊಂಡರು. ಆದರೆ ಆಪತ್ತಿಗೆಂದು ತಂದ ಒಲೆ ಆಪತ್ತಿನ ದಿನಕ್ಕಾಗಿ ಕಾದು ಕುಳಿತಿರಲಿಲ್ಲ. ಸಾಮಾನ್ಯವಾದ ಚಳಿಗಾಲದ ಸಂಜೆಗಳಲ್ಲಿ, ಉರಿಯ ಸೊಗಸಿಗಾಗಿ, ಸಾವಿರಾರು ಮನೆಗಳು ಸೌದೆಯನ್ನು ಉರಿಸಿದುವು. ಗಾಳಿ ಅಲುಗದ ರಾತ್ರಿಗಳಲ್ಲಿ ಆ ಹೊಗೆ ಬೀದಿಗಳ ಮೇಲೆಯೇ ಕವಿದು ನಿಂತಿತು. ಕಟ್ಟಿಗೆಯ ಹೊಗೆಯಲ್ಲಿರುವ ಅತಿಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಉಬ್ಬಸದವರನ್ನೂ ಹೃದ್ರೋಗಿಗಳನ್ನೂ ಬಾಧಿಸುತ್ತವೆ. ನಗರದ ಚಳಿಗಾಲದ ಮಾಲಿನ್ಯಕ್ಕೆ ಒಲೆಗಳು ಬಹು ದೊಡ್ಡ ಕಾರಣಗಳಲ್ಲಿ ಒಂದೆಂದು ಕಂಡುಬಂದಿತು. ಒಬ್ಬನ ಭದ್ರತೆ ಇನ್ನೊಬ್ಬನ ಉಸಿರಿಗೆ ಭಾರವಾಯಿತು.

ನಗರಸಭೆ ೨೦೦೯ರಲ್ಲಿ ಹೊಸದಾಗಿ ಕಟ್ಟಿಗೆಯ ಒಲೆಗಳನ್ನು ಹೂಡುವುದನ್ನು ತಡೆಯಿತು. ಮುಂದೆ ಇನ್ನೂ ಬಿಗಿಯಾದ ನಿಬಂಧನೆ ಬಂದಿತು: ೨೦೧೮ನೆಯ ಅಕ್ಟೋಬರ್ ೧ರಿಂದ, ಗಂಟೆಗೆ ೨.೫ ಗ್ರಾಮಿಗಿಂತ ಹೆಚ್ಚು ಸೂಕ್ಷ್ಮ ಕಣಗಳನ್ನು ಬಿಡುವ ಒಲೆಗಳನ್ನು ಉರಿಸಕೂಡದು. ಹೊಗೆಮಂಜಿನ ಎಚ್ಚರಿಕೆಯಿರುವ ದಿನಗಳಲ್ಲಿ ಶುಚಿಯಾದ ಒಲೆಗೂ ಅನುಮತಿಯಿಲ್ಲ. ಇಷ್ಟನ್ನು ಹೇಳಿ ಆ ನಿಬಂಧನೆ ಒಂದು ವಿನಾಯಿತಿಯನ್ನು ಸೇರಿಸಿತು. ವಿದ್ಯುತ್ತು ಮೂರು ಗಂಟೆಗಳಿಗಿಂತ ಹೆಚ್ಚು ಕಾಲ ನಿಂತುಹೋದರೆ ಯಾವ ಒಲೆಯನ್ನಾದರೂ ಉರಿಸಬಹುದು.

ಕಾನೂನಿನ ಭಾಷೆಯಲ್ಲಿ ಒಂದೇ ವಾಕ್ಯವಾದ ಈ ವಿನಾಯಿತಿ ಚರಿತ್ರಕಾರನ ದೃಷ್ಟಿಯಲ್ಲಿ ಬಹು ಮಹತ್ವದ್ದು. ೧೯೯೮ರ ನೆನಪೂ ನಗರದ ಉಸಿರಿನ ಹಕ್ಕೂ ಎದುರುಬದುರಾದಾಗ ಎರಡಕ್ಕೂ ಸಲ್ಲತಕ್ಕ ಸ್ಥಾನವನ್ನು ಅದು ಗೊತ್ತುಮಾಡಿತು. ನಿತ್ಯದ ದಿನಗಳು ಉಸಿರಿಗೆ, ಆಪತ್ತಿನ ದಿನ ಬೆಂಕಿಗೆ. ಆದರೂ ಇದರಲ್ಲಿ ಒಂದು ಸಂಕಟ ಉಳಿದೇ ಇದೆ. ವರ್ಷಗಟ್ಟಲೆ ಉರಿಸದ ಒಲೆಯ ಹೊಗೆಗೂಡಿನಲ್ಲಿ ಹಕ್ಕಿ ಗೂಡು ಕಟ್ಟಿರಬಹುದು, ಇಟ್ಟಿಗೆ ಬಿರಿದಿರಬಹುದು, ಸೌದೆ ಕೊಳೆತಿರಬಹುದು, ಎಲ್ಲಕ್ಕಿಂತ ಮಿಗಿಲಾಗಿ, ಉರಿಸಬಲ್ಲ ಕೈ ಇಲ್ಲದಿರಬಹುದು. ಕಾನೂನು ಅನುಮತಿಯನ್ನು ಕೊಡಬಲ್ಲುದು, ಅಭ್ಯಾಸವನ್ನು ಕೊಡಲಾರದು. ವಿನಾಯಿತಿ ಸಾರ್ಥಕವಾಗಬೇಕಾದರೆ ವರ್ಷಕ್ಕೊಮ್ಮೆಯಾದರೂ ಹೊಗೆಗೂಡನ್ನು ಗುಡಿಸಿ, ಒಣಸೌದೆಯ ಸಣ್ಣ ಒಟ್ಟಿಲೊಂದನ್ನು ಕಾಪಾಡಿಕೊಂಡಿರಬೇಕಾಗುತ್ತದೆ.

೨೦೨೩ನೆಯ ಏಪ್ರಿಲ್ ೫ರಂದು ಹೆಪ್ಪುಮಳೆ ಮತ್ತೆ ಬಂದು, ಹೆಚ್ಚು ಕಡಿಮೆ ೧೧ ಲಕ್ಷ ಗ್ರಾಹಕರು ಕತ್ತಲೆಯಲ್ಲಿ ಉಳಿದರು. ಈ ಸಲ ಗೋಪುರಗಳಿಗಿಂತ ಹೆಚ್ಚಾಗಿ ಮರದ ಕೊಂಬೆಗಳು ಮುರಿದು ಬೀದಿಯ ತಂತಿಗಳ ಮೇಲೆ ಬಿದ್ದುದರಿಂದ ಬಹುಪಾಲು ಮನೆಗಳಿಗೆ ಕೆಲವೇ ದಿನಗಳಲ್ಲಿ ದೀಪ ಬಂದಿತು. ಆದರೂ ಕಾರ್ಬನ್ ಮಾನಾಕ್ಸೈಡಿನ ಅವಘಡಗಳು ಆಗಲೂ ವರದಿಯಾದುವು. ಇಪ್ಪತ್ತೈದು ವರ್ಷಗಳಲ್ಲಿ ತಂತಿಯ ಕಂಬಗಳನ್ನು ಬಲಪಡಿಸಿದಷ್ಟು ಸುಲಭವಾಗಿ ಜನರ ತಿಳಿವಳಿಕೆಯನ್ನು ಬಲಪಡಿಸುವುದು ಆಗಲಿಲ್ಲವೆಂದು ಇದರಿಂದ ಊಹಿಸಬಹುದು.

೬

ದೂರದ ಹಿಮನಾಡಿನ ಈ ವೃತ್ತಾಂತ ಕನ್ನಡಿಗರಿಗೆ ತೀರ ಪರಕೀಯವಾದುದಲ್ಲ. ‘ಅಗ್ಗಿಷ್ಟಿಕೆ’ ಎಂಬ ನಮ್ಮ ಪದವೂ, ಉತ್ತರ ಹಿಂದೂಸ್ಥಾನದಲ್ಲಿ ನೆಲೆಸಿದ ಕನ್ನಡಿಗರು ದಿನವೂ ಕೇಳುವ ‘ಅಂಗೀಠಿ’ ಎಂಬ ಪದವೂ ಸಂಸ್ಕೃತದ ‘ಅಗ್ನಿಷ್ಠಿಕಾ’ ಎಂಬ ಒಂದೇ ಮೂಲದಿಂದ ಬಂದುವು. ದಿಲ್ಲಿಯ ಚಳಿಗಾಲದಲ್ಲಿ ಮುಚ್ಚಿದ ಕೋಣೆಯೊಳಗೆ ಅಂಗೀಠಿಯನ್ನಿಟ್ಟುಕೊಂಡು ಮಲಗಿ ಪ್ರಾಣ ಕಳೆದುಕೊಂಡವರ ವಾರ್ತೆ ಪತ್ರಿಕೆಗಳಲ್ಲಿ ಪದೇ ಪದೇ ಬರುತ್ತದೆ. ಮಾಂಟ್ರಿಯಲಿನಲ್ಲಿ ಕೊಂದ ವಿಷವಾಯುವೂ ಇಲ್ಲಿ ಕೊಲ್ಲುವ ವಿಷವಾಯುವೂ ಒಂದೇ. ಒಳಗೆ ಕೆಂಡವಿದ್ದ ಮೇಲೆ ಹೊರಗಿನ ಗಾಳಿಗೆ ದಾರಿಯಿರಬೇಕು. ಮಲಗುವ ಮುನ್ನ ಆ ಕೆಂಡ ಹೊರಗೆ ಹೋಗಬೇಕು.

ಕರ್ನಾಟಕದ ಹಳ್ಳಿಗಳಲ್ಲಿ ಒಲೆಯ ಸಮಸ್ಯೆ ಚಳಿಯದಲ್ಲ, ಅಡುಗೆಯದು. ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡು ಊದುಗೊಳವೆಯ ಮುಂದೆ ಕುಳಿತ ಹೆಂಗಸರದು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ೧೯೭೪ರಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರದವರು ಇದಕ್ಕೆ ಪರಿಹಾರವಾಗಿ ಹೊಗೆಗೊಳವೆಯುಳ್ಳ, ಮೂರು ಪಾತ್ರೆಗಳ ‘ಅಸ್ತ್ರ ಒಲೆ’ಯನ್ನು ರೂಪಿಸಿದರು. ಗಾಳಿಯನ್ನು ಅಳೆದು ಬಿಡುವುದು, ಹೊಗೆಯಿಂದ ಬಿಸಿಯನ್ನು ಕಸಿದುಕೊಂಡು ಅನಂತರ ಅದನ್ನು ಹೊರಗೆ ಕಳುಹಿಸುವುದು ಎಂಬ ಅದರ ತತ್ತ್ವವೂ ಕ್ವಿಬೆಕ್ಕಿನ ಎರಡಂತಸ್ತಿನ ಒಲೆಯ ತತ್ತ್ವವೂ ಒಂದೇ. ಕಬ್ಬಿಣದಲ್ಲಿ ಅವರು ಸಾಧಿಸಿದುದನ್ನು ಮಣ್ಣಿನಲ್ಲಿ ನಾವು ಸಾಧಿಸಿದೆವು. ಎರಡಕ್ಕೂ ತಂತಿಯ ಹಂಗಿರಲಿಲ್ಲ.

ವಿದ್ಯುತ್ತನ್ನು ತೊರೆದು ಒಲೆಗೆ ಮರಳಬೇಕೆಂದು ಈ ಚರಿತ್ರೆಯಿಂದ ಯಾರೂ ತೀರ್ಮಾನಿಸಬೇಕಾಗಿಲ್ಲ. ಮುನ್ನೂರು ವರ್ಷಗಳ ಹೊಗೆಯನ್ನೂ ಹೆಂಗಸರು ಮಕ್ಕಳು ಸೌದೆ ಹೊತ್ತ ಶ್ರಮವನ್ನೂ ನೆನೆದರೆ ತಂತಿಯ ಉಪಕಾರ ಸಾಮಾನ್ಯವಾದುದಲ್ಲ. ಆದರೆ ಹೊಸ ಅನುಕೂಲವೊಂದು ಮನೆಗೆ ಬಂದಾಗ ಹಳೆಯ ಏರ್ಪಾಡನ್ನು ಪೂರ್ತಿಯಾಗಿ ಕಿತ್ತುಹಾಕುವ ಮುನ್ನ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ವಿವೇಕ: ಇದು ನಿಂತ ದಿನ ನಾವು ಯಾವುದರಿಂದ ಬದುಕುತ್ತೇವೆ? ಕ್ವಿಬೆಕ್ಕಿನವರು ಆ ಪ್ರಶ್ನೆಯನ್ನು ಜನವರಿಯ ಕತ್ತಲೆಯಲ್ಲಿ ಕೇಳಿಕೊಂಡರು. ಉತ್ತರ ಅವರಲ್ಲಿ ಕೆಲವರ ಅಡುಗೆಮನೆಯಲ್ಲಿ ನಾಲ್ಕು ಕಾಲಿನ ಮೇಲೆ ನಿಂತೇ ಇತ್ತು.